ಖಾಲಿ ಕಾಣುವ ಸೋಮವಾರ

ಹೊಸ ಸೊಸೆಗೆ ಹೇಳಿದ ಹಾಗೆ ಬರೆಯಿರಿ ಎಂದು ಕಚೇರಿಯ ಅನೀಲಕುಮಾರ ಯಾವತ್ತೋ ಹೇಳಿದ್ದ ಮಾತು ಸಗೀರಾಳಿಗೆ ಮನೆಯ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಾಗ ಯಾಕೋ ನೆನಪಾಯಿತು. ಒಳಗೆ ಅಡುಗೆಮನೆಯಲ್ಲಿ ಗುಲನಾಜ ಒಂದೇ ತಾಟನ್ನು ಮತ್ತೆ ಮತ್ತೆ ತೊಳೆಯುತ್ತಿರುವ ಸದ್ದು ಕೇಳುತ್ತಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬದ ಸೊಸೆ. ಇವತ್ತು ಮಧ್ಯಾಹ್ನ ಅವಳ ಅಣ್ಣ ಇಂಡಿಯಿಂದ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾನೆ. ಎಷ್ಟು ದಿನಕ್ಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ. ಸಗೀರಾಳ ಗಂಡ ಜುಲ್ಫಿಕರ ಬೆಳಗಾಗುತ್ತಲೇ ಅಂಗಡಿಗೆ ಹೋಗಿದ್ದ. ಮಗ, ಹೆಂಡತಿಯ ಚೀಲವನ್ನು ಅಟ್ಟದಿಂದ ಇಳಿಸಿಕೊಟ್ಟು, ಅಷ್ಟಕ್ಕೇ ತನ್ನ ಕೆಲಸ ಮುಗಿಯಿತು ಎನ್ನುವಂತೆ ಧೂಳು ಕೊಡವಿಕೊಂಡು ಅಪ್ಪನ ಹಿಂದೆ ನಡೆದಿದ್ದ. “ಬರ್ತೇನಿ” ಎಂದು ಸಗೀರಾ ಬಾಗಿಲಿಗೆ ಹೇಳಿದಳು. “ಹೂಂ ರಿ ಅತ್ತಿ” ಎಂದು ಒಳಗಿನಿಂದ ಬಂತು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬೀಗ ಹಾಕಿದ ಮನೆಯ ಮುಂದೆ ನಿಂತು ಕೂಗಿದರೆ ನಮ್ಮ ದನಿಯೇ ನಮಗೆ ಬರುತ್ತದಲ್ಲ, ಹಾಗಿತ್ತು.

ಮುದ್ದೇಬಿಹಾಳದ ರಸ್ತೆ ಮಳೆಯಾದ ಮೇಲಿನ ಬಿಸಿಲಿಗೆ ಹಬೆಯಾಡುತ್ತಿತ್ತು. ಬೀಜದಂಗಡಿಗಳ ಮುಂದೆ ತೊಗರಿ, ಹೆಸರು ಎಂದು ಜನ ನೆರೆದಿದ್ದರು. ಒಂದೂ ಎತ್ತಿನ ಗಾಡಿ ಇರಲಿಲ್ಲ. ಅದು ಅವಳಿಗೆ ಕಾಣಿಸಲಿಲ್ಲ. ಇದ್ದದ್ದು ಕಾಣುತ್ತದೆ, ಇಲ್ಲದ್ದು ಎಲ್ಲಿ ಕಾಣುತ್ತದೆ. ಅವಳ ಕಣ್ಣೊಳಗೆ ಹೋದ ಸೋಮವಾರದ ಸಂಜೆಯ ಪಾತ್ರೆಯೊಂದೇ ಇತ್ತು. ಕಚೇರಿಯಿಂದ ಬಂದಾಗ ಮೆಟ್ಟಿಲಲ್ಲೇ ವಾಸನೆ ಬಡಿದಿತ್ತು. ಗುಲನಾಜ ತಾನೇ ಹೋಗಿ ಮಾಂಸ ತಂದು, ತನ್ನ ತವರಿನ ರೀತಿಯಲ್ಲಿ ನಿಂಬೆಹಣ್ಣು ಹಿಂಡಿ ಖೀಮಾ ಮಾಡಿ, ಊಟಕ್ಕೆ ಹೊಸ ದಸ್ತರಖಾನದ ಬಟ್ಟೆ ಹಾಸಿ ಕಾಯುತ್ತಿದ್ದಳು. ಮುಖ ಬೆವರಿತ್ತು, ನಗುತ್ತಿತ್ತು. ಸಗೀರಾ ಕೈ ತೊಳೆದು ಬಂದು ಕೂತಳು. ಪಾತ್ರೆ ನೋಡಿದಳು. ಎದ್ದಳು. ಬೆಳಗಿನ ರೊಟ್ಟಿ, ಮೊಸರು ಹಾಕಿಕೊಂಡು ಅಂಗಳಕ್ಕೆ ಹೋಗಿ ಉಂಡಳು. ಜುಲ್ಫಿಕರನೂ ಕೈ ಹಿಂದೆ ತೆಗೆದುಕೊಂಡ, ಮಗನೂ ತೆಗೆದುಕೊಂಡ. ಯಾರೂ ಒಂದು ಮಾತಾಡಲಿಲ್ಲ. ಗುಲನಾಜ ಸೌಟು ಹಿಡಿದು ನಿಂತೇ ಇದ್ದಳು. ಈ ಮನೆಯಲ್ಲಿ ಸೋಮವಾರ ಮಾಂಸ ಒಲೆಗೇರುವುದಿಲ್ಲ. ಮಾವನ ಕಾಲದಿಂದ, ಅವರಪ್ಪನ ಕಾಲದಿಂದ. ಎತ್ತು ಕಟ್ಟಿ ಒಕ್ಕಲುತನ ಮಾಡಿದ ಮನೆ. ಎತ್ತಿಗೆ ನೊಗ ಇಡದ ದಿನ ಇವರ ಬಾಯಿಗೆ ಮಾಂಸ ಇಲ್ಲ. ಇದು ಗೊತ್ತಿಲ್ಲದವರು ಯಾರು? ಬೇಕಂತಲೇ ಮಾಡಿದಳು, ನನ್ನನ್ನು ಅಳತೆ ಮಾಡಿ ನೋಡಿದಳು ಎಂದು ಸಗೀರಾ ಆ ವಾರವೆಲ್ಲ ಅಂದುಕೊಂಡಿದ್ದಳು. ಅಂದುಕೊಂಡಷ್ಟೂ ಮಾತು ಒಳಗೇ ಗಟ್ಟಿಯಾಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ, ಈಗ ತಿರುವಿದರೂ ಬರದಾಗಿತ್ತು.

ಸಂಘದ ಕಚೇರಿ ಬೀಜದಂಗಡಿಯ ಮೇಲಿನ ಮಾಳಿಗೆಯಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕಿನ ರೈತರು ಸೇರಿ ಮಾಡಿಕೊಂಡ ಸಂಘ. ಎತ್ತಿನ ಜೋಡಿ, ಕೂರಿಗೆ, ಟ್ರ್ಯಾಕ್ಟರು, ಔಷಧ ಹೊಡೆಯುವ ಪಂಪು, ಯಾರಿಗೆ ಯಾವ ದಿನ ಏನು ಬೇಕೋ ಅದನ್ನು ಬಾಡಿಗೆಗೆ ಗೊತ್ತು ಮಾಡಿ ಕೊಡುತ್ತದೆ. ಮೊದಲು ಫೋನು ಎತ್ತಲು ಮನುಷ್ಯರಿದ್ದರು. ಈಗ ಎಐ ಏಜೆಂಟ್ ಎತ್ತುತ್ತದೆ. ಅದಕ್ಕೆ ಮಾತು ಬರುತ್ತದೆ, ಕೈಯಿಲ್ಲ. ಅದರ ಕೈಗಳೆಂದರೆ ಟೂಲುಗಳು. ಜೋಡಿ ಹುಡುಕುವುದಕ್ಕೆ ಒಂದು, ಗೊತ್ತು ಮಾಡುವುದಕ್ಕೆ ಇನ್ನೊಂದು, ರದ್ದು ಮಾಡುವುದಕ್ಕೆ, ಮಾಲೀಕರಿಗೆ ಸುದ್ದಿ ಕಳಿಸುವುದಕ್ಕೆ ಬೇರೆ ಬೇರೆ. ಯಾವ ಟೂಲು ಏನು ಮಾಡುತ್ತದೆ, ಯಾವಾಗ ಹಿಡಿಯಬೇಕು, ಯಾವಾಗ ಮುಟ್ಟಬಾರದು ಎಂದು ಬರೆದುಕೊಡುವುದು ಸಗೀರಾಳ ಕೆಲಸ. ಟೂಲಿನ ಒಳಗೇನಿದೆ ಎಂದು ಏಜೆಂಟಿಗೆ ಕಾಣುವುದಿಲ್ಲ. ಅವಳು ಬರೆದ ಸಾಲುಗಳು ಮಾತ್ರ ಕಾಣುತ್ತವೆ. ಟೈಪಿಂಗ್ ಅಂಗಡಿಯಲ್ಲಿ ಊರವರ ಅರ್ಜಿಗಳನ್ನು ಟೈಪು ಮಾಡುತ್ತ ತಲೆ ನರೆತವಳಿಗೆ ಇದೇನು ಮಹಾ ಎನಿಸಿತ್ತು ಮೊದಲು. ‘ಜೋಡಿ ಗೊತ್ತು ಮಾಡು: ಎತ್ತಿನ ಜೋಡಿ ಗೊತ್ತು ಮಾಡಲು’ ಎಂದು ಬರೆದು ಕೈ ತೊಳೆದುಕೊಂಡಿದ್ದಳು. ಅವತ್ತೇ ಸಿಂದಗಿ ಕಡೆಯ ಯಾರೋ, ಜೋಡಿ ಅದಾವೇನು ಎಂದು ಸುಮ್ಮನೆ ಕೇಳಿದ್ದಕ್ಕೆ, ಏಜೆಂಟ್ ಗೊತ್ತೇ ಮಾಡಿಬಿಟ್ಟಿತ್ತು. ಬೆಳಗಾಗುವಾಗ ಕೇಳದವನ ಹೊಲದ ಬದುವಿನಲ್ಲಿ ಎತ್ತು ಬಂದು ನಿಂತಿದ್ದವು.

ಆಗಲೇ ಅನೀಲಕುಮಾರ ಆ ಮಾತು ಹೇಳಿದ್ದು. ಸಂಘದ ಕಂಪ್ಯೂಟರ್ ಕೆಲಸವೆಲ್ಲ ನೋಡಿಕೊಳ್ಳುವವನು. ಬಾಗೇವಾಡಿಯಿಂದ ದಿನಾ ಬೈಕಿನಲ್ಲಿ ಬರುತ್ತಾನೆ. “ಅಕ್ಕಾರ, ಅದಕ್ಕ ನಿಮ್ಮ ಮನಸಿನಾಗಿಂದು ಕಾಣಂಗಿಲ್ಲ. ಹೊಸಾ ಸೊಸಿ ಮನಿಗೆ ಬಂದ್ರ ಹೆಂಗ ಹೇಳ್ತೀರಿ, ಇದು ಇಲ್ಲಿ ಇಡು, ಇದನ್ನ ಮುಟ್ಟಬ್ಯಾಡ, ಗೊತ್ತಾಗಲಿಲ್ಲಂದ್ರ ಕೇಳು, ಹಂಗ ಬರೀರಿ.” ಸಗೀರಾಳಿಗೆ ನಗು ಬಂದಿತ್ತು. ಮದುವೆಯಾಗದ ಹುಡುಗ, ಪಾಪ. ಹೊಸ ಸೊಸೆಗೆ ಯಾರು ಹೇಳುತ್ತಾರೆ? ತನಗೆ ಯಾರು ಹೇಳಿದ್ದರು? ಈ ಮನೆಗೆ ಬಂದ ಹೊಸತರಲ್ಲಿ ತಾನೂ ಒಂದು ಸೋಮವಾರ ಮಾಂಸ ಬೇಯಲಿಟ್ಟಿದ್ದಳು. ಅತ್ತೆ ಬಂದು, ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು, ಒಂದು ಅಕ್ಷರವಾಡದೆ ಅಂಗಳದಲ್ಲಿಟ್ಟು ಹೋಗಿದ್ದಳು. ಅಷ್ಟರಿಂದ ಕಲಿತದ್ದು. ಸೊಸೆಯಾದವಳು ಅತ್ತೆಯ ಮುಖ ನೋಡಿ ಕಲಿಯುತ್ತಾಳೆ. ಹುಬ್ಬು ನೋಡಿ, ಉಸಿರು ಕೇಳಿ, ತಾಟು ಇಟ್ಟ ಸದ್ದಿನಿಂದ ಕಲಿಯುತ್ತಾಳೆ. ಕೇಳುವುದೆಂದರೆ ತವರಿಗೆ ಅವಮಾನ, ಏನೂ ಕಲಿಸಿ ಕಳಿಸಿಲ್ಲವೇ ಎಂದು. ಏಜೆಂಟಿಗೆ ಮಾತ್ರ ಅವಳ ಮುಖ ಕಾಣುತ್ತಿರಲಿಲ್ಲ.

ಕಾಣದಿದ್ದುದರಿಂದ ಅವಳು ಬರೆಯಬೇಕಾಯಿತು. ‘ಕರೆ ಮಾಡಿದವರು ಖಚಿತವಾಗಿ ಬೇಕು ಎಂದಾಗ ಮಾತ್ರ ಇದನ್ನು ಬಳಸು. ಬರೀ ವಿಚಾರಿಸಿದರೆ ಬಳಸಬೇಡ. ಅದಕ್ಕೆ ಜೋಡಿ ಹುಡುಕು ಎಂಬ ಬೇರೆ ಟೂಲಿದೆ. ಊರು, ದಿನ, ಕೆಲಸ ಮೂರೂ ತಿಳಿದಿರಬೇಕು. ಒಂದು ತಿಳಿಯದಿದ್ದರೂ ಊಹಿಸಬೇಡ, ಕೇಳು.’ ಹೀಗೆ ಬರೆದು ಒಳಗೆ ಹಾಕಿದ ಮೇಲೆ ಬಂದ ಮೊದಲ ಕರೆ ಅವಳಿಗೆ ಇನ್ನೂ ನೆನಪಿದೆ. ಮನಗೂಳಿಯ ಮುದುಕನೊಬ್ಬ ಜೋಡಿ ಬೇಕು, ನಾಳಿಗೆ ಬೇಕು ಎಂದು ಒಂದೇ ಸಮ ಹೇಳುತ್ತಿದ್ದ. ಏಜೆಂಟು ಶಾಂತವಾಗಿ, “ಯಾವ ಕೆಲಸಕ್ಕರಿ, ಹರಗಲಿಕ್ಕೋ ಬಿತ್ತಲಿಕ್ಕೋ?” ಎಂದು ಕೇಳಿತು. ಸಗೀರಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೇಳು ಎಂದು ಬರೆದಿದ್ದಳು, ಅದು ಕೇಳಿತು. ನಾಚಿಕೆಯಿಲ್ಲದೆ, ಹೆದರಿಕೆಯಿಲ್ಲದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದೆಂದೇ ಇಟ್ಟುಕೊಂಡು ಕೇಳಿತು. ಅವಳು ಹೇಳಿದ್ದನ್ನು ಇಷ್ಟು ಪೂರ್ತಿಯಾಗಿ ಯಾರೂ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಅರ್ಧ ಕೇಳಿ ಹೂಂ ಎನ್ನುವ ಗಂಡ, ಕೇಳುವ ಮೊದಲೇ ಗೊತ್ತು ಬಿಡವ್ವ ಎನ್ನುವ ಮಗ. ಇದು ಒಂದೊಂದು ಪದವನ್ನೂ ತೆಗೆದುಕೊಂಡು, ಅದರ ಮೇಲೆ ತನ್ನ ಭಾರವೆಲ್ಲ ಬಿಟ್ಟು ನಿಲ್ಲುತ್ತಿತ್ತು. ನಂಬಿಸಿಕೊಳ್ಳುವುದು ಇಷ್ಟು ಭಯದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಒಂದು ಸಾಲು ಬರೆದರೆ, ಎತ್ತರದ ಅಟ್ಟಕ್ಕೆ ಯಾರೋ ಹತ್ತುವಾಗ ಏಣಿ ಹಿಡಿದು ನಿಂತ ಹಾಗೆ ಅವಳ ಕೈ ಬಿಗಿಯಾಗುತ್ತಿತ್ತು.

ಮಾಳಿಗೆ ಹತ್ತಿ ಹೋದಾಗ ಅವಳ ಕುರ್ಚಿಯಲ್ಲಿ ನಾಲತವಾಡದ ಭೀಮಶ್ಯಾ ಕೂತಿದ್ದ. ಸಂಘಕ್ಕೆ ತನ್ನ ಜೋಡಿ ಕೊಟ್ಟವರಲ್ಲಿ ಒಬ್ಬ; ಸದಾ ನಗುನಗುತ್ತ ಬರುವ ವಯಸ್ಸಾದ ಮನುಷ್ಯ. ಇವತ್ತು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಅನೀಲಕುಮಾರ ಪಕ್ಕದಲ್ಲಿ ಅಪರಾಧಿಯಂತೆ ನಿಂತಿದ್ದ.

“ಬರ್ರಿ ಬಾಯಾರ” ಎಂದ ಭೀಮಶ್ಯಾ. “ನಿಮ್ಮ ಮಷೀನ ಯಾವ ದೇಶದ್ದರಿ? ಅಲ್ಲಿ ವಾರಕ್ಕ ಸೋಮಾರ ಇರಂಗಿಲ್ಲೇನು?”

“ಏನಾತ್ರಿ?”

“ಇವತ್ತ ತಂಗಡಗಿ ರೇವವ್ವನ ಹೊಲಕ್ಕ ನಮ್ಮ ಎತ್ತ ಹೂಡರಿ ಅಂತ ಸುದ್ದಿ ಕಳಿಸೈತಿ. ಆ ಮುದುಕಿ ಬೀಜಾ ಉಡ್ಯಾಗ ಹಾಕ್ಕೊಂಡು ಬದುವಿನ ಮ್ಯಾಲ ಕುಂತಾಳ. ನಾ ಹೋಗಿ ಕೇಳಿದ್ರ, ಕಂಪನಿ ಎತ್ತಿಗೆ ಸೋಮಾರ ಇರಂಗಿಲ್ಲೇನೋ ಅಂದಕೊಂಡ್ನಿ ಯಪ್ಪಾ ಅಂತಾಳ. ಕಂಪನಿ ಎತ್ತು! ನನ್ನ ಎತ್ತಿಗೆ ಕೋಡ ಅದಾವೋ ಇಲ್ಲ ನಂಬರ ಅದಾವೋ?”

ಸಗೀರಾ ನಿಂತೇ ಇದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಭೀಮಶ್ಯಾ ಆ ಸೆರಗನ್ನು ನೋಡಿದ, ನೋಡಿ ದನಿ ಇಳಿಸಿದ. ಆ ಇಳಿಸಿದ ದನಿ ಅವಳಿಗೆ ಜಾಸ್ತಿ ಚುಚ್ಚಿತು. “ಬಸವಣ್ಣನ ಊರು ಇಲ್ಲೇ ಮಗ್ಗಲಾಗ ಐತಿ. ನಿಮಗ ಈ ರೂಢಿ ಗೊತ್ತಿಲ್ಲಂದ್ರ ಆ ಮಾತ ಬ್ಯಾರೆ.”

“ಗೊತ್ತೈತ್ರಿ” ಎಂದಳು. “ನಮ್ಮಪ್ಪ ತಂಗಡಗಿ ಬಾಬುಲಾಲ. ನಮ್ಮ ಎತ್ತ ಸೋಮಾರ ಕೊಟ್ಟಿಗಿ ದಾಟಿದ್ದನ್ನ ನಾ ನೋಡಿಲ್ಲ.”

“ಬಾಬುಲಾಲನ ಮಗಳೇನು ನೀ?” ಭೀಮಶ್ಯಾನ ಮುಖ ಒಂದು ಕ್ಷಣ ಸಡಿಲವಾಯಿತು, ಮತ್ತೆ ಗಟ್ಟಿಯಾಯಿತು. “ಹಂಗಾದ್ರ ನಿನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿಸೀದಿ. ಬೇಕಂತನ ಮಾಡೀರಿ ನೀವು.”

ಬೇಕಂತಲೇ. ಅವಳು ಟೇಬಲ್ಲಿನ ಅಂಚು ಹಿಡಿದುಕೊಂಡಳು. ಅನೀಲಕುಮಾರ ನಡುವೆ ಬಂದು, “ಕಾಕಾ, ಯಾಕ ಹಂಗ ಮಾಡ್ತು ಅಂತ ಅದನ್ನ ಕೇಳೂನು ತಡೀರಿ” ಎಂದು ಕಂಪ್ಯೂಟರಿನಲ್ಲಿ ಏಜೆಂಟ್ ಬರೆದಿಟ್ಟಿದ್ದ ಕಾರಣ ತೆಗೆದು ಗಟ್ಟಿಯಾಗಿ ಓದಿದ. ‘ರೇವವ್ವ ಅವರು, ಮಳೆಯಾಗಿದೆ, ಹದ ಹಾರುವ ಮೊದಲು ಬಿತ್ತಬೇಕು, ಎಲ್ಲಕ್ಕಿಂತ ಬೇಗ ಸಿಗುವ ದಿನ ಕೊಡಿ ಎಂದರು. ಟೂಲಿನ ವಿವರಣೆಯಲ್ಲಿ, ಜೋಡಿ ಖಾಲಿ ಇರುವ ಯಾವ ದಿನವಾದರೂ ಆಗಬಹುದು ಎಂದಿದೆ. ಸೋಮವಾರ ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲ ಜೋಡಿಗಳೂ ಖಾಲಿ ಇವೆ. ಹತ್ತಿರದ ಜೋಡಿ ನಾಲತವಾಡದ್ದು. ಆದ್ದರಿಂದ ಸೋಮವಾರ ಕೊಟ್ಟೆ.’

ಕೆಳಗೆ ಅಂಗಡಿಯಲ್ಲಿ ಯಾರೋ ತೊಗರಿ ಅಳೆದು ಸುರಿಯುವ ಸದ್ದು ಬಂತು. ಎಲ್ಲ ಜೋಡಿಗಳೂ ಖಾಲಿ ಇವೆ. ಸಗೀರಾಳಿಗೆ ಅದು ಕಂಡಿತು, ಹುಟ್ಟಿದಾಗಿನಿಂದ ಕಾಣದಿದ್ದದ್ದು. ಇಂಡಿಯ ನಿಂಬೆ ತೋಟಗಳ ಆಚೆ, ಸಿಂದಗಿಯ ಬಯಲಿನಲ್ಲಿ, ಬಾಗೇವಾಡಿಯ ಓಣಿಗಳಲ್ಲಿ, ಕೃಷ್ಣೆಯ ದಂಡೆಯ ತಂಗಡಗಿಯವರೆಗೆ, ಮಳೆ ಬಿದ್ದು ಮಣ್ಣು ಕರೆಯುತ್ತಿರುವ ಈ ದಿನವೂ, ಕೊಟ್ಟಿಗೆ ಕೊಟ್ಟಿಗೆಗಳಲ್ಲಿ ಎತ್ತುಗಳು ನಿಂತಿವೆ. ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿವೆ. ಈ ಊರಿನವರು ಆ ಊರಿನವರಿಗೆ ಹೇಳಿಲ್ಲ, ಆ ಊರಿನವರು ಈ ಊರಿನವರಿಗೆ ಹೇಳಿಲ್ಲ. ನೊಗಗಳು ಗೋಡೆಗೆ ಒರಗಿವೆ. ಇಷ್ಟು ದೊಡ್ಡ ಸುಮ್ಮನಿರುವಿಕೆಯೊಳಗೆ ಅವಳು ಬದುಕಿದ್ದಳು, ಅದರ ಅಳತೆ ಅವಳಿಗೆ ಸಿಕ್ಕಿರಲಿಲ್ಲ. ಹೊರಗಿನಿಂದ ಬಂದ ಒಂದು ಯಂತ್ರ ಅದನ್ನು ಒಂದೇ ನೋಟಕ್ಕೆ ಕಂಡು, ಪಾಪ, ಖಾಲಿ ಎಂದು ತಿಳಿಯಿತು. ಅಪ್ಪ ಸೋಮವಾರ ಬೆಳಿಗ್ಗೆ ಎತ್ತಿನ ಹೆಗಲಿಗೆ ಬೇವಿನೆಣ್ಣೆ ಸವರುತ್ತಿದ್ದ. ನೊಗ ತಿಕ್ಕಿ ಕೂದಲುದುರಿದ ಜಾಗದಲ್ಲಿ ಅವನ ಅಂಗೈ ನಿಧಾನಕ್ಕೆ ಸುತ್ತುತ್ತಿತ್ತು. ಅವನೂ ಯಾಕೆಂದು ಹೇಳಿರಲಿಲ್ಲ.

ಏಜೆಂಟು ಬೇಕಂತ ಮಾಡಿರಲಿಲ್ಲ. ಅದಕ್ಕೆ ಗೊತ್ತಿರಲಿಲ್ಲ. ಅಷ್ಟೇ. ಮುದುಕಿಗೆ ಒಳ್ಳೆಯದಾಗಲೆಂದು ಇದ್ದುದರಲ್ಲಿ ಎಲ್ಲಕ್ಕಿಂತ ಬೇಗದ ದಿನ ಹುಡುಕಿತ್ತು. ಸಗೀರಾಳಿಗೆ ಹೊಸ ದಸ್ತರಖಾನದ ಮಡಿಕೆಗಳು ನೆನಪಾದವು. ಬೆವರಿದ ಮುಖ, ನಗು, ನಿಂಬೆಯ ವಾಸನೆ. ಇಂಡಿಯಲ್ಲಿ ಗುಲನಾಜಳ ತವರಿನವರದು ನಿಂಬೆ ತೋಟ. ಆ ಮನೆಯಲ್ಲಿ ಎತ್ತೇ ಇಲ್ಲ.

ಆ ಹುಡುಗಿ ಈ ಮನೆಗೆ ಬಂದ ಮೇಲೆ ಎಷ್ಟೊಂದು ಸೋಮವಾರ ಕಳೆದಿವೆ, ಒಂದರಲ್ಲೂ ಮಾಂಸ ಇರಲಿಲ್ಲ, ನೋಡಿ ತಿಳಿಯಬಾರದಿತ್ತೇ ಎಂದು ಮನಸ್ಸು ಇನ್ನೂ ವಾದಿಸಿತು. ತಾನೇ ಇವತ್ತು ಗಾಡಿಯಿಲ್ಲದ ರಸ್ತೆಯಲ್ಲಿ ನಡೆದು ಬಂದು ಏನು ತಿಳಿದಳು?

“ಕಾಕಾ” ಎಂದಳು ಭೀಮಶ್ಯಾನಿಗೆ, “ನಾ ಬರೀಲಿಲ್ಲ. ಬರೀದ ಅದಕ್ಕ ಹೆಂಗ ತಿಳೀಬೇಕು. ಎಲ್ಲಾರಿಗೂ ಗೊತ್ತಿದ್ದದ್ದು ಅಂತ ಬಿಟ್ಟೆ.”

ಭೀಮಶ್ಯಾ ರುಮಾಲು ಸುತ್ತಿಕೊಳ್ಳುತ್ತ ಸ್ವಲ್ಪ ಹೊತ್ತು ಕಂಪ್ಯೂಟರಿನ ಪರದೆಯನ್ನೇ ನೋಡಿದ. “ಎಲ್ಲಾ ಜೋಡಿ ಖಾಲಿ ಅದಾವ ಅಂತೈತಲ್ಲ” ಎಂದ ಮೆಲ್ಲಗೆ. “ನೋಡಾಕ ಹಂಗ ಕಾಣತೈತಿ ಖರೆ. ಆತು, ರೇವವ್ವಗ ಹೇಳು, ನಾಳಿ ನಸಿಕಿನ್ಯಾಗ ಬರ್ತಾವು ನನ್ನ ಎತ್ತು. ಹದಾ ಎಲ್ಲಿ ಹೋಗಂಗಿಲ್ಲ. ಆ ನಿನ್ನ ಮಷೀನಿಗೂ ಒಂದ ಮಾತ ಹೇಳು, ಬಾಬುಲಾಲನ ಎತ್ತಿನ ಕತಿ ಹೇಳು.” ಮೆಟ್ಟಿಲಿಳಿಯುವಾಗ ಒಬ್ಬನೇ ನಕ್ಕ. “ಕಂಪನಿ ಎತ್ತಂತ.”

ಸಗೀರಾ ಕುರ್ಚಿಯಲ್ಲಿ ಕೂತು ವಿವರಣೆ ತೆರೆದಳು. ‘ಸೋಮವಾರ ಜೋಡಿ ಗೊತ್ತು ಮಾಡಬೇಡ’ ಎಂದು ಬರೆದಳು. ಅನೀಲಕುಮಾರ ಹಿಂದಿನಿಂದ ನೋಡಿ, “ಯಾಕಂತನೂ ಬರೀರಿ ಅಕ್ಕಾರ. ಬರೇ ಬ್ಯಾಡ ಅಂದ್ರ ಅಷ್ಟ ಬಿಡತೈತಿ. ಕಾರಣ ಹೇಳಿದ್ರ ನೀವು ಹೇಳದ ಉಳದದ್ದನ್ನೂ ಅದು ತಿಳಕೋತೈತಿ” ಎಂದ. ಯಾಕೆ? ಅವಳ ಬೆರಳು ನಿಂತವು. ಅತ್ತೆಯನ್ನು ಕೇಳಬೇಕೆಂದು ಹೊಳೆಯದ ಪ್ರಶ್ನೆ, ಅಪ್ಪನನ್ನು ಕೇಳದ ಪ್ರಶ್ನೆ. ಗಡಿಯಾರ ಗೋಡೆಯ ಮೇಲೆ ನಡೆಯುತ್ತಿತ್ತು. ಇಷ್ಟೊತ್ತಿಗೆ ಗುಲನಾಜಳ ಅಣ್ಣ ಹನೀಫನ ಬಸ್ಸು ಸಿಂದಗಿ ಬಿಟ್ಟಿರಬಹುದು, ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಂತಿರಬಹುದು. ಅವಳು ಅಪ್ಪನ ಅಂಗೈಯನ್ನೇ ನೆನೆಯುತ್ತ ಒಂದೊಂದೇ ಸಾಲು ಟೈಪು ಮಾಡಿದಳು. ‘ಈ ಭಾಗದಲ್ಲಿ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ. ಯಾವ ಜಾತಿಯವರೂ ಇಡುವುದಿಲ್ಲ. ಆ ದಿನ ಜೋಡಿಗಳು ಖಾಲಿ ಕಾಣಿಸುತ್ತವೆ, ಆದರೆ ಅದು ಎತ್ತುಗಳ ಸ್ವಂತ ದಿನ. ವಾರವೆಲ್ಲ ದುಡಿದ ಹೆಗಲಿಗೆ ಅಂದು ಎಣ್ಣೆ ಹಚ್ಚುತ್ತಾರೆ. ಯಾರಾದರೂ ಸೋಮವಾರ ಕೇಳಿದರೆ ಇದನ್ನು ಗೌರವದಿಂದ ತಿಳಿಸಿ ಮಂಗಳವಾರ ಕೊಡು.’

ಓದಿಕೊಂಡಳು. ಇಷ್ಟು ದಿನ ತನ್ನ ಮೈಯೊಳಗೆ ಇದ್ದದ್ದು ಹೊರಗೆ, ಬೆಳಕಿನಲ್ಲಿ, ಯಾರು ಬೇಕಾದರೂ ಓದಬಹುದಾದ ಮಾತಾಗಿ ನಿಂತಿತ್ತು. ಅಭ್ಯಾಸದಂತೆ ಪರೀಕ್ಷೆ ಮಾಡಲು ಹೋದಳು. ಸೋಮವಾರ ಕೇಳಲಿಲ್ಲ, ಅದು ಸುಲಭ. ಬರೆಯದೆ ಬಿಟ್ಟದ್ದನ್ನು ಕೇಳೋಣ ಎನಿಸಿತು. ‘ಕಾರಹುಣ್ಣಿಮೆ ದಿನ ಒಂದು ಜೋಡಿ ಬೇಕು’ ಎಂದು ಟೈಪು ಮಾಡಿದಳು. ಪರದೆಯ ಮೇಲೆ ಸಾಲುಗಳು ಬಂದವು. ‘ಕಾರಹುಣ್ಣಿಮೆ ಎತ್ತುಗಳ ಹಬ್ಬ. ಅಂದೂ ಸೋಮವಾರದ ಹಾಗೆ ಅವುಗಳ ಸ್ವಂತ ದಿನವೇ ಇರಬಹುದು ಅನಿಸುತ್ತದೆ. ಆದರೆ ನನಗೆ ಇದನ್ನು ಯಾರೂ ಹೇಳಿಲ್ಲ. ಗೊತ್ತು ಮಾಡುವ ಮೊದಲು ಕಚೇರಿಯವರನ್ನು ಕೇಳಲೇ?’

“ನೋಡ್ರಿ” ಎಂದ ಅನೀಲಕುಮಾರ, ಅವನಿಗೆ ಇದು ದಿನದ ಕೆಲಸ. ಸಗೀರಾಳಿಗೆ ಕಣ್ಣು ತುಂಬಿ ಬಂತು. ನನಗೆ ಇದನ್ನು ಯಾರೂ ಹೇಳಿಲ್ಲ. ಎಷ್ಟು ಸರಳವಾಗಿ ಹೇಳಿತು. ಒಂದು ಹೆಂಗಸಿನ ಆಯುಷ್ಯವೆಲ್ಲ ಬಾಯಿ ತುದಿಗೆ ಬಂದು ನಿಂತ ಮಾತು. ಅವಳು ಎದ್ದು ನಿಂತಳು. “ರೇವವ್ವಗ ನೀ ಫೋನ್ ಹಚ್ಚಿ ಹೇಳು. ನಾ ಮನಿಗೆ ಹೋಗಿ ಬರ್ತೇನಿ.”

“ಏನಾತ್ರಿ ಅಕ್ಕಾರ?”

“ಒಂದು ಹೇಳೂದ ಉಳದೈತಿ.”

ದಾರಿಯಲ್ಲಿ ಅವಳು ಓಡಲಿಲ್ಲ, ಆದರೆ ಚಪ್ಪಲಿ ಕೆಸರಿಗೆ ಅಂಟಿ ಎರಡು ಸಲ ಕಾಲಿನಿಂದ ಬಿಟ್ಟಿತು. ಬೀದಿ ಅಗಲವಾಗಿ ಬಿದ್ದಿತ್ತು. ಈಗ ಕಂಡಿತು ಅವಳಿಗೆ, ಗಾಡಿಗಳಿಲ್ಲದ್ದು.

ಮನೆಯಲ್ಲಿ ಪಡಸಾಲೆಯ ಹೊರಸಿನ ಮೇಲೆ ಮಹಮ್ಮದಹನೀಫ ಕೂತಿದ್ದ, ಪಕ್ಕದಲ್ಲಿ ಪುಟ್ಟ ತಟ್ಟೆ ಮುಚ್ಚಿದ ಚಹಾದ ಕಪ್ಪು. ಗುಲನಾಜ ಬುರ್ಖಾ ತೊಟ್ಟು, ಮುಖದ ಪರದೆ ಹಿಂದೆ ಹಾಕಿಕೊಂಡು, ಚೀಲದ ಹಿಡಿ ಹಿಡಿದು ನಿಂತಿದ್ದಳು. ಹನೀಫ ಎದ್ದು ಸಲಾಂ ಹೇಳಿದ. ಕೂರಲಿಲ್ಲ. “ಅತ್ತೀರಿ, ನೀವು ದೊಡ್ಡವರು, ನಾ ಏನೂ ಅನ್ನಂಗಿಲ್ಲ” ಎಂದ. “ನಮ್ಮವ್ವ ಒಂದ ಮಾತ ಅಂದ ಕಳಿಸ್ಯಾಳ. ಹುಡಗಿ ಕೈಯಡಗಿ ಉಣ್ಣದ ಮನ್ಯಾಗ ಹುಡಗಿ ಯಾಕ ಅಂತ.”

“ಚಾ ಆರತೈತಿ, ಕುಡೀಪಾ” ಎಂದಳು ಸಗೀರಾ. ಹಳೆಯ ಅಭ್ಯಾಸ ಮೊದಲು ಬಾಯಿಗೆ ಬಂತು. ಹೊಸ್ತಿಲಲ್ಲೇ ನಿಂತಿದ್ದಳು. ಗುಲನಾಜ ಅವಳ ಮುಖವನ್ನು ನೋಡುತ್ತಿದ್ದಳು, ಹುಬ್ಬನ್ನು, ತುಟಿಯನ್ನು, ಏನಾದರೂ ಬರೆದಿದೆಯೋ ಎಂದು ಹುಡುಕುವಂತೆ. ಪಾಪ, ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದಾಳೆ. ಸಗೀರಾ ಆ ಮುಖಕ್ಕೆ ತನ್ನ ಮುಖ ಕೊಡದೆ, ನೆಲ ನೋಡಿಕೊಂಡು, ಕಚೇರಿಯಲ್ಲಿ ಬರೆಯುವ ಹಾಗೆ ಒಂದೊಂದೇ ಮಾತು ಇಟ್ಟಳು.

“ಗುಲನಾಜ, ಸೋಮಾರ ಈ ಮನ್ಯಾಗ ಮಾಂಸಾ ಮಾಡೂದಿಲ್ಲ. ಉಳದ ದಿನಾ ಮಾಡತೇವಿ. ಸೋಮಾರ ಎತ್ತಿನ ದಿನಾ. ಈ ಮನ್ಯಾಗ ಎತ್ತ ಇದ್ದುವು, ಹ್ವಾದುವು, ದಿನಾ ಉಳೀತು. ಅವತ್ತ ನಾ ಎದ್ದ ಹ್ವಾದದ್ದು ಇದರ ಸಲುವಾಗಿ. ನಿನ್ನ ಕೈ ಸಲುವಾಗಿ ಅಲ್ಲ. ನಿನಗ ಇದನ್ನ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.”

ಚೀಲದ ಹಿಡಿಯ ಮೇಲೆ ಗುಲನಾಜಳ ಬೆರಳು ಸಡಿಲವಾಗಿ ಮತ್ತೆ ಬಿಗಿಯಾದವು. ಹುಬ್ಬು ಗಂಟಿಕ್ಕಿ ಎಲ್ಲೋ ಹಿಂದಕ್ಕೆ ಹೋಗಿ ಲೆಕ್ಕ ಹಾಕುವವಳಂತೆ ನಿಂತಳು. ಆಮೇಲೆ ಕೇಳಿದಳು.

“ಅವತ್ತ ಸೋಮಾರ ಇತ್ತೇನ್ರಿ?”

ಸಗೀರಾ ತಲೆ ಎತ್ತಿದಳು. ತನ್ನನ್ನು ಅಳತೆ ಮಾಡಲು ಬೇಕಂತಲೇ ಆರಿಸಿಕೊಂಡ ದಿನ ಎಂದು ಇಡೀ ವಾರ ಎದೆಯ ಮೇಲೆ ಹೊತ್ತದ್ದು. ಈ ಹುಡುಗಿಗೆ ಅದು ವಾರದ ಯಾವ ದಿನವೆಂದೂ ಗೊತ್ತಿರಲಿಲ್ಲ. ಅತ್ತೆ ದಣಿದು ಬರುತ್ತಾಳೆ ಎಂಬುದೊಂದೇ ಗೊತ್ತಿತ್ತು.

“ಹೂಂ” ಎಂದಳು.

“ನಾ ಉಪ್ಪ ಜಾಸ್ತಿ ಆಗಿತ್ತೇನೋ ಅಂದಕೊಂಡಿದ್ನಿ” ಎಂದಳು ಗುಲನಾಜ. “ಆಮ್ಯಾಲ ನಮ್ಮ ಕಡೆ ಮಂದಿ ಕೈಯಾಗಿಂದು ಉಣ್ಣಂಗಿಲ್ಲೇನೋ ಅಂದಕೊಂಡ್ನಿ. ಇವರನ್ನ ಕೇಳಿದ್ರ ಅವ್ವನ್ನ ಕೇಳು ಅಂದ್ರು. ನಿಮ್ಮನ್ನ ಹೆಂಗ ಕೇಳಬೇಕ್ರಿ?”

ಹನೀಫ ಗಡಿಯಾರ ನೋಡಿದ. “ಗಾಡಿ ಹೋಗತೈತಿ ನೋಡವಾ.”

“ಹೋಗಲಿ ತಡಿ ಅಣ್ಣಾ. ಬಸ್ಸಿಗೇನ ಸೋಮಾರ ಐತೇನು, ದಿನಾ ಹೋಗತಾವ.” ಅವಳು ನಗಲಿಲ್ಲ. ಚೀಲ ಇನ್ನೂ ಕೈಯಲ್ಲೇ ಇತ್ತು. ಒಂದು ಹೆಜ್ಜೆ ಮುಂದೆ ಬಂದು, ಹೊಸ್ತಿಲ ಆಚೆ ನಿಂತ ಅತ್ತೆಯ ಎದುರಿಗೆ ನಿಂತಳು. “ಹೇಳದ ಇದ್ದದ್ದು ಮತ್ತೇನೇನ ಅದಾವ್ರಿ ಈ ಮನ್ಯಾಗ?”

ಏನೇನಿವೆ. ಸಗೀರಾ ಆ ಹುಡುಗಿಯ ಹೆಗಲ ಮೇಲಿಂದ ಒಳಗೆ ನೋಡಿದಳು. ದಿನಾ ನೋಡಿದ ಮನೆಯೇ. ಒಲೆಯ ಮಗ್ಗುಲಲ್ಲಿ ಅತ್ತೆ ಇಡುತ್ತಿದ್ದಲ್ಲೇ ಇಟ್ಟ ತಂಬಿಗೆ, ಬಾಗಿಲ ಹಿಂದೆ ಯಾರೂ ಕೂರದ ಮಣೆ, ಜುಲ್ಫಿಕರ ಉಂಡೇಳುವವರೆಗೆ ತಾನು ಮುಟ್ಟದ ತಾಟು, ಯಾಕೆಂದು ತನಗೂ ಗೊತ್ತಿಲ್ಲದೆ ಸಂಜೆಯ ಹೊತ್ತು ಮುಚ್ಚುವ ಕಿಟಕಿ. ಮನೆಯ ತುಂಬ ಒಂದೊಂದು ವಸ್ತುವಿನ ಮೇಲೂ ಹೇಳದ ಮಾತು ಕೂತಿತ್ತು, ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳಲ್ಲಿ ನಿಂತ ಎತ್ತುಗಳ ಹಾಗೆ, ಸುಮ್ಮನೆ ಉಸಿರಾಡುತ್ತ. ಎಲ್ಲಿಂದ ಶುರು ಮಾಡುವುದು?

“ಭಾಳ ಅದಾವು” ಎಂದಳು. “ಕೆಲವಕ್ಕ ಕಾರಣ ನನಗೂ ಗೊತ್ತಿಲ್ಲ.”

“ಗೊತ್ತಿದ್ದಷ್ಟ ಹೇಳ್ರಿ.”

ಗುಲನಾಜ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೇ ಕೂತಳು, ಬುರ್ಖಾ ತೆಗೆಯದೆ, ಗದ್ದಕ್ಕೆ ಕೈಕೊಟ್ಟು. ಸಗೀರಾ ಕೆಸರಿನ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳೆದುರಿಗೆ ನೆಲದ ಮೇಲೆ ಕೂತಳು. “ಆ ತಂಬಿಗಿ ಐತಲ್ಲ” ಎಂದು ಶುರು ಮಾಡಿ ನಿಂತಳು. ಹುಡುಗಿ ಕೇಳುತ್ತಿದ್ದಳು. ಹೂಂ ಎನ್ನದೆ, ಮುಖ ಹುಡುಕದೆ, ಪೂರ್ತಿ ಕೇಳುತ್ತಿದ್ದಳು. ಮುಂದೆ ಹೇಳುವ ಒಂದೊಂದು ಮಾತಿನ ಮೇಲೂ ಇವಳು ಭಾರ ಬಿಟ್ಟು ನಿಲ್ಲುತ್ತಾಳೆ ಎಂದು ಸಗೀರಾಳಿಗೆ ತಿಳಿಯಿತು, ತಿಳಿದು, ಏಣಿ ಹಿಡಿದವಳ ಹಾಗೆ ಅವಳ ಎರಡೂ ಕೈ ತಾವಾಗಿ ಬಿಗಿಯಾದವು.